ಗೇಟಿನಲ್ಲಿ ಕಿತ್ತುಕೊಂಡ ಮಾತ್ರೆ

ಮಗಳು ಮೊನ್ನೆ ನನಗೊಂದು ಮಾತ್ರೆ ಡಬ್ಬಿ ತಂದುಕೊಟ್ಟಳು. ವಾರಕ್ಕೆ ಏಳು ಗೂಡು, ಬಿ.ಪಿ.ಗೊಂದು, ಶುಗರ್‌ಗೊಂದು. ಒಂದು ಕಾಲಕ್ಕೆ ಮಾತ್ರೆ ಕಂಡರೆ ಉರಿದು ಬೀಳುತ್ತಿದ್ದ ಮನುಷ್ಯ ನಾನು, ಈಗ ಅದನ್ನು ನುಂಗದೆ ತಿಂಡಿಗೆ ಕೂರುವ ಹಾಗಿಲ್ಲ. ನಗಬೇಡಿ, ಹೇಳುತ್ತೇನೆ.

ಚಿಕ್ಕಮಗಳೂರಿನ ಹೊರಗೆ ಕುಡಿತ ಬಿಡಿಸುವ ಕೇಂದ್ರವೊಂದರಲ್ಲಿ ನಾನು ವಾರ್ಡನ್ ಆಗಿದ್ದೆ. ಗೇಟಿನ ಬೋರ್ಡು ನನ್ನದೇ ಕೈಬರಹ: ಬೀಡಿ, ಗುಟ್ಕಾ, ಮಾತ್ರೆ ಒಳಗೆ ತರಕೂಡದು. ಒಂದು ಚಟ ಬಿಡಿಸಲು ಇನ್ನೊಂದು ಚಟ ಹಚ್ಚಬಾರದು ಎಂಬುದು ನನ್ನ ಘನ ಸಿದ್ಧಾಂತ. ನಿದ್ದೆ ಮಾತ್ರೆಯನ್ನು ಕಾಲುಚೀಲದಲ್ಲಿ ಅಡಗಿಸಿ ತರುವವರನ್ನು ನೋಡಿ ನೋಡಿ ಹುಟ್ಟಿದ್ದು ಅದು. ಪೂರ್ತಿ ಸುಳ್ಳೂ ಅಲ್ಲ.

ಜಾವಳಿ ಕಡೆಯ ಕಾಫಿ ತೋಟದ ಮೇಸ್ತ್ರಿ ಶಿವಣ್ಣ ಬಂದದ್ದು ಆಗಲೇ. ಅವನ ಹೆಂಡತಿ ಕರವಸ್ತ್ರದಲ್ಲಿ ಕಟ್ಟಿದ್ದ ಮಾತ್ರೆ, ಡಾಕ್ಟರ ಚೀಟಿ ಎರಡನ್ನೂ ಮುಂದಿಟ್ಟು, "ಇದು ಅವ್ರ ತಲೇದು ಸಾರ್, ತಪ್ಪಿಸ್ಬೇಡಿ" ಎಂದರು. ಎಲ್ಲರೂ ಹೀಗೇ ಹೇಳುವುದಮ್ಮಾ ಎಂದು ನಾನು ಆ ಗಂಟನ್ನು ಡ್ರಾಯರಿಗೆ ಹಾಕಿ ಬೀಗ ಜಡಿದೆ. ಚೀಟಿ ಬಿಚ್ಚಿಯೂ ನೋಡಲಿಲ್ಲ.

ಎಂಥ ಮನುಷ್ಯ ಅಂತೀರಿ! ಮೊದಲ ವಾರದ ನಡುಕ ನಿಂತದ್ದೇ ತಡ, ನಮ್ಮ ಹಿತ್ತಿಲಿನ ಕಳೆ ತೆಗೆಯಲು ಹದಿನೈದು ಜನರನ್ನು ಸಾಲು ಹಿಡಿಸಿದ. ಒಬ್ಬರಿಗೂ ಬೈಯದೆ ಕೆಲಸ ತೆಗೆಯುತ್ತಿದ್ದ. ನನ್ನನ್ನು ಕರೆಯುತ್ತಿದ್ದದ್ದು 'ರೈಟರೇ' ಎಂದು. ತೋಟದಲ್ಲಿ ಹಾಜರಿ ಬರೆಯುವವರು ರೈಟರು; ನನ್ನ ಕಂಕುಳಲ್ಲೂ ಸದಾ ಒಂದು ಪುಸ್ತಕ ಇರುತ್ತಿತ್ತಲ್ಲ. ಅವನನ್ನು ಕಂಡರೆ ನನಗೆ ತುಂಬಾ ಇಷ್ಟವಾಗಿಬಿಟ್ಟಿತ್ತು.

ಇನ್ನೊಂದು ವಾರ ಕಳೆಯುವುದರೊಳಗೆ ಅವನ ನಿದ್ದೆ ಹೋಯಿತು. ಗೋಡೆಗೆ ಮುಖ ಮಾಡಿ ಯಾರೊಂದಿಗೋ ವಾದಕ್ಕೆ ನಿಲ್ಲುತ್ತಿದ್ದ. ಇವನಿಗೆ ಕುಡಿತ ಸ್ವಲ್ಪ ತಡವಾಗಿ ಇಳಿಯುತ್ತಿದೆ ಎಂದೆ ನಾನು, ಎಲ್ಲ ಬಲ್ಲವನ ಹಾಗೆ. ಮೂರನೇ ವಾರ ಅನ್ನದಲ್ಲಿ ವಿಷ ಇದೆ ಎಂದು ಊಟ ಬಿಟ್ಟ. ಕೊನೆಗೆ ನೀರನ್ನೂ ಬಿಟ್ಟ. ಓಡಿಹೋಗಿ ಮನೋವೈದ್ಯರನ್ನು ಕರೆತಂದೆ.

ಅವರು ಕೇಳಿದ್ದು, ಇವರು ಮೊದಲು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಎಂದು. ಡ್ರಾಯರಿನ ಬೀಗ ತೆಗೆದೆ. ಚೀಟಿ ಓದಿದ ಡಾಕ್ಟರು, ಕಿವಿಯಲ್ಲಿ ದನಿ ಕೇಳುವ ಈ ಕಾಯಿಲೆ ಇವರ ಕುಡಿತಕ್ಕಿಂತ ಹಳೆಯದು, ದನಿ ಅಡಗಲೆಂದೇ ಕುಡಿಯಲು ಶುರುಮಾಡಿರಬೇಕು ಎಂದರು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಬೈಯಲಿಲ್ಲ.

ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಶಿವಣ್ಣ ಚೇತರಿಸಿಕೊಂಡ. ಬೋರ್ಡಿನ ಮೇಲಿದ್ದ ಆ ಮೂರನೇ ಪದವನ್ನು ನಾನೇ ಬಣ್ಣ ಬಳಿದು ಅಳಿಸಿದೆ. ಈಗ ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಬಂದವನು ನಮ್ಮ ಮನೆಗೂ ಬಂದು ಹೋಗುತ್ತಾನೆ. ಹೇಳಬೇಕಾದ ಒಂದು ಮಾತನ್ನು ಇಷ್ಟು ವರ್ಷವೂ ಹೇಳದೆ ಉಳಿಸಿಕೊಂಡಿದ್ದೆ. ನಿನ್ನೆ ಜಗಲಿಯಲ್ಲಿ ಕಾಫಿ ಕುಡಿಯುವಾಗ ಹೇಳಿಬಿಟ್ಟೆ: "ಶಿವಣ್ಣ, ಆ ಮಾತ್ರೆ ಕಿತ್ಕೊಂಡು ನಿನ್ನ ಆ ಸ್ಥಿತಿಗೆ ತಂದಿದ್ದು ನಾನು ಮಾರಾಯ. ತಪ್ಪಾಯ್ತು."

ಅವನು ಲೋಟ ಕೆಳಗಿಟ್ಟ.

"ಗೊತ್ತು ರೈಟರೇ. ಆವತ್ತು ಗೋಡೆ ಹತ್ರ ಆ ದನಿಗಳು ಬೈತಿದ್ದಿದ್ದು ನಿಮ್ಮನ್ನೇ. ಇಲ್ಲ, ಅವ್ರು ಒಳ್ಳೆಯೋರು ಅಂತ ವಾದ ಮಾಡ್ತಿದ್ದೋನು ನಾನು."