ಟವೆಲ್ ಹಾಸಿದ ಸೀಟು

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ನನಗೆ ಕೊನೆಗೂ ಒಲಿಯಲಿಲ್ಲ. ಹಗರಿಬೊಮ್ಮನಹಳ್ಳಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು ಎಸೆಯುವುದು ಕರ್ಚೀಫು. ಅದು ಸೀಟು ಬಿಟ್ಟು ಯಾರದೋ ತಲೆಯ ಮೇಲೆ ಬೀಳುತ್ತದೆ. ಬೈಸಿಕೊಂಡು, ಕರ್ಚೀಫು ವಾಪಸು ಪಡೆದು, ಕಂಬಿ ಹಿಡಿದು ನಿಲ್ಲುತ್ತೇನೆ.

ನಿಂತವನಿಗೆ ಜಗತ್ತಿನ ಚಿಂತೆ ಜಾಸ್ತಿ. ಅಲ್ಲಾ, ಟವೆಲಿಗೆ ಯಾವ ಕಾನೂನಿದೆ? ಆದರೂ ನಾವೆಲ್ಲ ಹೆದರುತ್ತೇವೆ. ಎರಡು ಸಾವಿರದ ಇಸವಿಯ ಆಚೀಚೆ, ಜಾಗತೀಕರಣ ಬಂತು, ಇನ್ನು ಎಲ್ಲರಿಗೂ ಜಾಗವುಂಟು ಎಂದು ನಾನೇ ಪಾಠ ಹೇಳಿದ್ದೆ. ಈಗ ಪತ್ರಿಕೆ ಬಿಡಿಸಿದರೆ ಬೆರಳೆಣಿಕೆಯ ಮಂದಿಯ ಬಳಿ ದೇಶಗಳನ್ನೇ ಕೊಳ್ಳುವಷ್ಟು ಹಣ! ಒಬ್ಬರಿಗೊಂದು ಟವೆಲಾದರೆ ನನ್ನ ತಕರಾರಿಲ್ಲ. ಭೂಮಂಡಲಕ್ಕೇ ಹಾಸಿ, ನಿಂತವರಿಗೆ ‘ಅಡ್ಜಸ್ಟ್ ಮಾಡ್ಕೊಳ್ರಿ, ಮುಂದೆ ಖಾಲಿ ಆಗ್ತದ’ ಅನ್ನುತ್ತಾರಲ್ಲ, ಮೈಯೆಲ್ಲ ಉರಿಯುತ್ತದೆ. ಯಾವಾಗ ಖಾಲಿಯಾಗುವುದು? ಕೂತವರು ಇಳಿಯುವಾಗ ಸೀಟನ್ನು ಮಕ್ಕಳಿಗೆ ಬಿಟ್ಟು ಇಳಿಯುತ್ತಾರೆ.

ಆ ಪಾಠ ಹೇಳುತ್ತಿದ್ದ ದಿನಗಳಲ್ಲೇ ಒಮ್ಮೆ ತುಂಬು ಬಸುರಿಯಾದ ನನ್ನ ಹೆಂಡತಿ ಗಿರಿಜಾಳನ್ನು ತವರಿಗೆ ಬಿಡಲು ಕೊಟ್ಟೂರಿನಲ್ಲಿ ಹರಪನಹಳ್ಳಿ ಬಸ್ಸು ಹತ್ತಿದೆ. ಅವಳ ಕಾಲುಗಳು ಬಾತಿದ್ದವು. ಆ ಗುಂಡಿ ರಸ್ತೆಯಲ್ಲಿ ನಿಂತು ಹೋದರೆ ಏನು ಗತಿ? ಬಸ್ಸು ಭರ್ತಿ. ಖಾಲಿ ಇದ್ದದ್ದು ಮೂವರು ಕೂರುವ ಒಂದೇ ಸೀಟು. ಅದರ ಮೇಲೆ ಒಂದು ಟವೆಲ್, ಒಂದು ಬ್ಯಾಗು, ಒಂದು ಪತ್ರಿಕೆ. ಟವೆಲಿನ ಧಣಿ ಕೆಳಗೆ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದ. ಅದಿರಿನ ಲಾರಿಗಳ ಮಾಲೀಕನಂತೆ. ಕಾರು ಕೆಟ್ಟಿತೆಂದು ಬಸ್ಸಿಗೆ ಬಂದಿದ್ದ.

ಬರಲಿ, ಕೇಳೋಣ ಎಂದು ನಾನು ನಿಂತೆ. ಗಿರಿಜಾ ಟವೆಲನ್ನು ಮಡಚಿ ಮೇಲಿಟ್ಟು ಕಿಟಕಿ ಪಕ್ಕ ಕೂತೇಬಿಟ್ಟಳು.

ಅವನು ಬಾಯಿ ಒರೆಸುತ್ತ ಬಂದ. “ಅಮ್ಮಾರ, ಏಳ್ರಿ. ಮೂರೂ ಸೀಟು ನಾ ಹಿಡಿದೀನಿ. ನಮ್ಮ ಹುಡುಗ್ರು ಮುಂದಿನ ಕ್ರಾಸಿನಾಗ ಹತ್ತತಾರ.”

ಗಿರಿಜಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. “ಅವ್ರು ಇನ್ನಾ ಹತ್ತಬೇಕ್ರಿ. ನನ್ನ ಹೊಟ್ಟ್ಯಾಗಿಂದು ಆಗ್ಲೇ ಹತ್ತಿ ಕುಂತೈತಿ.”

ಬಸ್ಸಿಗೆ ಬಸ್ಸೇ ನಕ್ಕಿತು. ನನ್ನ ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಮುಂದೆ ಬಂದು ಬ್ಯಾಗನ್ನು ಎತ್ತಿ ಅವನ ಕೈಗೆ ಕೊಟ್ಟು, “ಹಿಡಿಯಪ್ಪಾ,” ಎಂದು ಮಧ್ಯದಲ್ಲಿ ಕೂತಳು. ಉಳಿದದ್ದು ಪತ್ರಿಕೆಯ ಜಾಗ. ಅವನ ಮುಖ ಕೆಂಪಗಾಗಿತ್ತು. ನಾನು ಜಗಳಕ್ಕೆ ಸಿದ್ಧನಾಗಿ ಕನ್ನಡಕ ತೆಗೆದು ಜೇಬಿಗಿಟ್ಟೆ.

ಗಿರಿಜಾ ಆ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದಳು. “ಕುಂದರ್ರಿ ಅಣ್ಣಾರ, ಇದು ನಿಮ್ದು. ಇದನ್ನ ಯಾರೂ ಕಸಗೊಳ್ಳಂಗಿಲ್ಲ.”