ಬೆಟ್ಟಕ್ಕೊಯ್ಯುವ ಔಷಧಿ ಡಬ್ಬಿ

ಶನಿವಾರ ಸಂಜೆ ನನ್ನ ವಯಸ್ಸಿನ ಹೆಂಗಸರು ದೋಸೆಗೆ ರುಬ್ಬುತ್ತಾರೆ. ನಾನು ಔಷಧಿ ಡಬ್ಬಿ ಜೋಡಿಸುತ್ತೇನೆ. ಹತ್ತಿ, ಗಾಯಕ್ಕೆ ಕಟ್ಟುವ ಬಟ್ಟೆ, ಉಳುಕಿಗೆ ಸುತ್ತುವ ಕ್ರೇಪ್ ಬ್ಯಾಂಡೇಜು, ಮುಳ್ಳು ಕೀಳುವ ಚಿಮಟ, ಓಆರ್‌ಎಸ್ ಪೊಟ್ಟಣ. ಎಲ್ಲಾ ಸರಿಯಿದೆ ಎಂದು ನೋಡಿ, ಮತ್ತೆ ಬಿಚ್ಚುತ್ತೇನೆ. ಬನಶಂಕರಿಯ ಈ ಒಂಟಿ ಕೋಣೆಯಿಂದ ನಾನು ಬೆಟ್ಟಕ್ಕೆ ಹೋಗಿ ಎರಡು ವರ್ಷವಾಯಿತೆಂದು ಡಬ್ಬಿಗೆ ಯಾರೂ ಹೇಳಿಲ್ಲ.

ನಮ್ಮಜ್ಜಿ ಊರಿಂದೂರಿಗೆ ನಡೆಯುವಾಗ ಸೆರಗಿನ ತುದಿಗೆ ಓಮ, ಒಣಶುಂಠಿ ಗಂಟು ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಓಮ ತನ್ನ ಹೆಸರನ್ನು ಮೂಗಿಗೇ ಹೇಳುತ್ತದೆ. ಮಾತ್ರೆ ಹಾಗಲ್ಲ. ಅದರ ಹೆಸರು ಸ್ಟ್ರಿಪ್ಪಿನ ಬೆನ್ನ ಮೇಲಿರುತ್ತದೆ. ಕತ್ತರಿಸಿದರೆ ಹೆಸರೊಂದು ಕಡೆ, ಮಾತ್ರೆಯೊಂದು ಕಡೆ.

ನಾನು ಕತ್ತರಿಸಿದೆ. ಓದಿದ್ದು ಏಳನೇ ಕ್ಲಾಸು, ಬದುಕಿದ್ದು ಬ್ಲೌಸ್ ಹೊಲಿದು. ಅಕ್ಷರಕ್ಕಿಂತ ಬಣ್ಣವನ್ನೇ ಹೆಚ್ಚು ನಂಬಿದವಳು. ಹಾಲುಬಿಳಿ, ಮೊಸರುಬಿಳಿ, ಸುಣ್ಣದ ಬಿಳಿ ನೂಲುಗಳನ್ನು ಒಂದೇ ನೋಟಕ್ಕೆ ಬೇರೆ ಮಾಡುತ್ತೇನೆಂಬ ಜಂಬ. ಅಮ್ಮ ತೀರಿಕೊಂಡ ಮೇಲೆ ಉಳಿದ ಮಾತ್ರೆಗಳನ್ನು ಎಸೆಯಲು ಮನಸ್ಸಾಗದೆ, ಡಬ್ಬಿಯಲ್ಲಿ ಹಿಡಿಯುವಂತೆ ಸ್ಟ್ರಿಪ್ಪುಗಳನ್ನು ತುಂಡು ಮಾಡಿ ತುಂಬಿದ್ದೆ.

ಆಗ ನಮ್ಮ ಬೀದಿಯ ಹೆಂಗಸರು ತಿಂಗಳಿಗೊಮ್ಮೆ ಕನಕಪುರ ರಸ್ತೆಯಾಚೆಯ ಬೆಟ್ಟಗಳಿಗೆ ಹೋಗುತ್ತಿದ್ದೆವು. ತಲಘಟ್ಟಪುರದಿಂದ ನನ್ನ ತಂಗಿ ಸರಳಾ ಬಂದು ಸೇರಿಕೊಳ್ಳುತ್ತಿದ್ದಳು. ಪುಳಿಯೋಗರೆ ಅವಳ ಪಾಲು, ಔಷಧಿ ನನ್ನ ಪಾಲು.

ಅವತ್ತು ಅರ್ಧ ಬೆಟ್ಟದಲ್ಲಿ ಅವಳೆಂದಳು, "ತಲೆ ಸಿಡೀತಿದೆ ಕಣಕ್ಕ. ಅದೇನದು ಮಾತ್ರೆ, ಹೆಸರೇ ಇಲ್ಲ?"

"ಹೆಸರು ತಗೊಂಡು ನಾಮಕರಣ ಮಾಡ್ತೀಯಾ? ಎರಡು ನುಂಗು."

ನುಂಗಿದಳು. ಸ್ವಲ್ಪ ಹೊತ್ತಿಗೆ ಕಣ್ಣು ಕತ್ತಲೆ ಬಂದು ಬಂಡೆ ಮೇಲೆ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಬಿಸಿಲು ತಲೆಗೇರಿತು ಎಂದರು ಎಲ್ಲರೂ. ನಾನೂ ಹೂಂ ಎಂದೆ.

ಮನೆಗೆ ಬಂದು ಉಳಿದ ಸ್ಟ್ರಿಪ್ಪನ್ನು ಹುಡುಕಿ, ಕತ್ತರಿಸಿದ ಅಂಚಿಗೆ ಅಂಚು ಕೂಡಿಸಿದೆ. ತೋಳು ಕಂಕುಳಿಗೆ ಕೂಡುವಂತೆ ಕೂಡಿತು. ಅಮ್ಮನ ಬಿಪಿ ಮಾತ್ರೆ. ಸರಳಾಗೆ ಅವತ್ತು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಇವತ್ತು ಬೇಡ, ಕೈ ವಾಸಿಯಾಗಲಿ. ಈಗ ಬೇಡ, ಹಬ್ಬ ಮುಗಿಯಲಿ. ಮುಂದೆ ಹಾಕುವುದರಲ್ಲಿ ದರ್ಜಿಗಳನ್ನು ಮೀರಿಸಿದವರಿಲ್ಲ, ಬ್ಲೌಸ್ ಕೊಟ್ಟವರನ್ನು ಕೇಳಿ ನೋಡಿ.

ಕಳೆದ ತಿಂಗಳು ಅವಳೇ ಫೋನ್ ಮಾಡಿದಳು. "ಏನಕ್ಕ, ಡಬ್ಬಿ ಜೋಡಿಸ್ತಿದ್ಯಾ? ಯಾರಿಗೆ, ಗೋಡೆ ಮೇಲಿರೋ ಹಲ್ಲಿಗಾ?"

ನಗಬೇಕಿತ್ತು. ಬದಲಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅತ್ತ ಕಡೆ ಕುಕ್ಕರ್ ಎರಡು ಸಲ ಕೂಗಿತು.

"ಮಾತ್ರೆ ಬಿಡು," ಎಂದಳು ಕೊನೆಗೆ. "ಕೈ ತಪ್ಪು ಯಾರಿಗಾದ್ರೂ ಆಗುತ್ತೆ. ಎರಡು ವರ್ಷ ಬಿಸಿಲು ಕಂಡ್ರೆ ಒಳಗೆ ಓಡ್ತಿದ್ದೆ. ಮೊಮ್ಮಗಳ ಸ್ಕೂಲ್ ಡೇಗೂ ಹೋಗ್ಲಿಲ್ಲ, ಬಯಲಲ್ಲಿ ಇಟ್ಟಿದ್ದಾರೆ ಅಂತ. ಕಿಟಕಿಗೆ ದಪ್ಪ ಪರದೆ ಬೇಕು ಅಂದಾಗ ಹೊಲಿದು ಕೊಟ್ಟಿದ್ದು ಯಾರು? ನೀನೇ ಅಲ್ವಾ?"

ಫೋನಿಟ್ಟಳು.

ಮತ್ತೆ ಮಾಡಿಲ್ಲ. ನಾನು ಮಾಡಿದರೆ ಎತ್ತುವುದಿಲ್ಲ. ಮೊನ್ನೆ ಎದುರು ಮನೆಯಾಕೆ ಬಂದು ಹೇಳಿದರು, "ನಿಮ್ಮ ತಂಗಿ ಮೆಟ್ರೋ ಸ್ಟೇಷನ್ ಹತ್ರ ಸಿಕ್ಕಿದ್ರು ರೀ. ಮಟಮಟ ಮಧ್ಯಾಹ್ನ, ರಸ್ತೆಯಲ್ಲಿ ನಿಂತ್ಕೊಂಡು ಕಡಲೆಕಾಯಿ ತಿಂತಿದ್ರು. ನೆರಳಿಗೆ ಬನ್ನಿ ಅಂದ್ರೂ ಬರ್ಲಿಲ್ಲ."

ತಡವಾಗಿ ಕೊಟ್ಟರೂ ಮದ್ದು ನಾಟಿದೆ ಅಂದುಕೊಂಡೆ. ವಾಸಿಯಾದವರು ಮದ್ದು ಕೊಟ್ಟವರನ್ನು ಮಾತಾಡಿಸಬೇಕು ಅಂತ ಯಾವ ಔಷಧಿಯ ಮೇಲೂ ಅಚ್ಚು ಹಾಕಿರುವುದಿಲ್ಲವಲ್ಲ.