ಎಲ್ಲ ಬಾಣಗಳೂ ಒಂದೇ ಕಡೆ

ಗುಂಪಿನ ಒಗ್ಗಟ್ಟನ್ನು ಅಳೆಯುವ ಲೆಕ್ಕವೊಂದನ್ನು ನಾನು ಸಾಗರದ ಕಾಲೇಜಿನಲ್ಲಿ ಭಾರೀ ಜಂಬದಿಂದ ಕಲಿಸುತ್ತಿದ್ದೆ. ಪ್ರತಿಯೊಬ್ಬರ ಚಲನೆಗೂ ಒಂದೇ ಉದ್ದದ ಬಾಣ ಬರೆದು, ಒಂದರ ಮೊನೆಗೆ ಇನ್ನೊಂದರ ಬುಡ ಸೇರಿಸುತ್ತ ಹೋಗಬೇಕು. ಮೊದಲ ಬುಡದಿಂದ ಕೊನೆಯ ಮೊನೆಗಿರುವ ದೂರವನ್ನು ಬಾಣಗಳ ಒಟ್ಟು ಉದ್ದದಿಂದ ಭಾಗಿಸಬೇಕು. ಜನ ದಿಕ್ಕಾಪಾಲಾಗಿ ಹೊರಟರೆ ಉತ್ತರ ಸೊನ್ನೆಯ ಹತ್ತಿರ. ಎಲ್ಲರೂ ಒಂದೇ ಕಡೆಗಾದರೆ ಒಂದು. ಒಂದು ಬಂದರೆ ಒಳ್ಳೆಯದೆಂದೇ ತಿಳಿದಿದ್ದೆ, ದಡ್ಡ.

ಅರವತ್ತರ ದಶಕದ ಕೊನೆಯ ಒಂದು ಬೇಸಿಗೆ. ತುಂಬು ಬಸುರಿ ಹೆಂಡತಿಯನ್ನು ಲಾಂಚಿನಲ್ಲಿ ತುಮರಿಯ ತವರಿಗೆ ಕರೆದೊಯ್ಯುತ್ತಿದ್ದೆ. ಅವಳು ಹುಟ್ಟಿದ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಊರವರೆಲ್ಲ ತುಮರಿಯ ಕಡೆ ಮನೆ ಕಟ್ಟಿಕೊಂಡಿದ್ದರು. ಲಾಂಚು ಆ ಮುಳುಗಿದ ಊರಿನ ಪಕ್ಕ ಹಾಯುವಾಗ ಅಲ್ಲಿಯವರು ಎದ್ದು ಆ ಬದಿಗೆ ಬಂದು, ನೀರಡಿಯ ಊರದೇವತೆ ಚೌಡಮ್ಮನಿಗೆ ಕೈಮುಗಿಯುವುದು ರೂಢಿ. ಬೇರೆ ದಿನ ನಾಲ್ಕೈದು ಜನ ಏಳುತ್ತಿದ್ದರು. ಉಳಿದವರು ಎಲೆಯಡಿಕೆ ಜಗಿಯುತ್ತ ಕೂತಿರುತ್ತಿದ್ದರು. ಅಂದು ಮದುವೆಯ ದಿಬ್ಬಣವಿತ್ತು. ಲಾಂಚಿನ ತುಂಬ ಅದೇ ಊರಿನವರು.

ಎಲ್ಲರೂ ಎದ್ದರು. ನನ್ನ ಹೆಂಡತಿಯೂ ಎದ್ದಳು. ಎಲ್ಲರೂ ಎಡಕ್ಕೆ ಬಂದರು. ಲಾಂಚು ವಾಲಿ, ನೀರು ಅಂಚು ದಾಟಿ ನನ್ನ ಕಾಲು ತೋಯಿಸಿತು.

"ಆ ಕಡೆ ಹೋಗ್ರೋ!" ಎಂದು ಚಾಲಕ ಕೂಗಿದ.

ಹೋದರು, ಎಲ್ಲರೂ ಒಟ್ಟಿಗೇ! ಲಾಂಚು ಬಲಕ್ಕೆ ಇನ್ನೂ ಜೋರಾಗಿ ವಾಲಿತು. ಬಾಣಗಳೆಲ್ಲ ತಿರುಗಿದ್ದವು, ಉತ್ತರ ಮಾತ್ರ ಅದೇ ಒಂದು. ನನಗೆ ಈಜು ಬಾರದು, ಅವಳಿಗೂ ಬಾರದು. ಹೊಟ್ಟೆಯಲ್ಲಿ ಮಗು ಬೇರೆ. ಅವಳ ರಟ್ಟೆ ಹಿಡಿದು ಕೆಳಗೆ ಕೂರಿಸಿ, "ಎಲ್ರೂ ಇದ್ದಲ್ಲೇ ಕೂತ್ಕಳ್ಳಿ! ಯಾರೂ ಏಳ್ಬೇಡಿ!" ಎಂದು ಅರಚಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಹತ್ತಿರದ ಹೆಂಗಸರು ಧೊಪ್ಪನೆ ಕೂತರು. ಅವರನ್ನು ನೋಡಿ, ಮತ್ತೆ ಎಡಕ್ಕೆ ನುಗ್ಗತೊಡಗಿದ್ದ ಉಳಿದವರೂ ನಡುವೆ ಅಲ್ಲಲ್ಲೇ ಕೂತರು. ಲಾಂಚು ತೂಗಾಡುತ್ತ ತೂಗಾಡುತ್ತ ನೇರವಾಯಿತು. ಆಮೇಲೆ ದಡ ಸಿಗುವವರೆಗೂ ನಾನು ಅವಳ ಕೈ ಹಿಡಿದೇ ಇದ್ದೆ.

ಇಳಿದ ಮೇಲೆ ಅವಳು ನೀರಿನ ಕಡೆ ತಿರುಗಿದಳು.

"ಚೌಡಮ್ಮಂಗೆ ಕೈ ಮುಗಿಯೋದು ಅರ್ಧಕ್ಕೇ ನಿಂತೋಯ್ತು. ಕೈ ಬಿಡಿ."

ನಾನು ಬಿಡಲಿಲ್ಲ.

"ನೆಲದ ಮೇಲೆ ನಿಂತಿದೀವಲ್ಲ, ಇನ್ನೆಂತ ಹೆದರಿಕೆ ನಿಮ್ಗೆ? ಬಿಡಿ."

ಬಿಡಬೇಕೆಂದು ನನಗೂ ಗೊತ್ತಿತ್ತು. ಬೆರಳು ಸಡಿಲವಾಗಲೇ ಇಲ್ಲ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಉಳಿದ ಒಂದೇ ಕೈಯನ್ನು ಹಣೆಗೆ ಮುಟ್ಟಿಸಿಕೊಂಡಳು.